ಇಲ್ಲ ಎಂದ ದಿನಗಳ ಲೆಕ್ಕ

ಸರ್ಕಾರಿ ಆಸ್ಪತ್ರೆಯ ಔಷಧ ಕೊಠಡಿಯಲ್ಲಿರುವ ದಾಸ್ತಾನು ವಹಿಯನ್ನು ತೆರೆದರೆ ಉಗ್ರಾಣದಿಂದ ಬಂದದ್ದೆಷ್ಟು, ರೋಗಿಗಳಿಗೆ ಕೊಟ್ಟದ್ದೆಷ್ಟು, ಕೈಯಲ್ಲಿ ಉಳಿದದ್ದೆಷ್ಟು ಎಂಬುದೆಲ್ಲ ಸಾಲುಸಾಲಾಗಿ ಸಿಗುತ್ತದೆ. ಬ್ಯಾಚ್ ನಂಬರ್ ಇರುತ್ತದೆ, ಅವಧಿ ಮುಗಿಯುವ ತಿಂಗಳು ಇರುತ್ತದೆ, ಕೆಳಗೆ ವೈದ್ಯಾಧಿಕಾರಿಯ ಸಹಿ ಇರುತ್ತದೆ. ಕೇಳಿಕೊಂಡು ಬಂದವರಿಗೆ ಕೊಡಲಾಗದೆ ಹೋದದ್ದೆಷ್ಟು ಎಂಬ ಕಾಲಂ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಗೆ ಬಂದ ಹಿರಿಯರೊಬ್ಬರಿಗೆ ‘ಸ್ಟಾಕ್ ಇಲ್ಲಮ್ಮ, ಮುಂದಿನ ವಾರ ಬನ್ನಿ’ ಎಂದು ಹೇಳಿ ಕಳಿಸಿದ್ದು ಗಾಳಿಯಲ್ಲಿ ಹೋಗುತ್ತದೆ. ಅದು ಅಂಕಿಯಾಗುವುದಿಲ್ಲ. ಅಂಕಿಯಾಗದ್ದು ಬೆಂಗಳೂರಿನಲ್ಲಿ ಕರೆಯುವ ಟೆಂಡರಿನವರೆಗೆ ಮುಟ್ಟುವುದೂ ಇಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸರ್ಕಾರಿ ಆಸ್ಪತ್ರೆಗಳ ಔಷಧ ದಾಸ್ತಾನನ್ನು ಕುರಿತ ಈ ಉಪನ್ಯಾಸ ಹಿಡಿದಿರುವ ಎಳೆ ಇದು: ಕೊಟ್ಟದ್ದರ ಲೆಕ್ಕದಷ್ಟೇ ಕೊಡದೆ ಕಳಿಸಿದ್ದರ ಲೆಕ್ಕವೂ ಬೇಕು. ಅದನ್ನು ಇಡುವತನಕ ಈ ವರ್ಷದ ಕೊರತೆಯೇ ಮುಂದಿನ ವರ್ಷದ ಕೊರತೆಯನ್ನು ಹುಟ್ಟಿಸುತ್ತಿರುತ್ತದೆ.

ಹೇಗೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡದ 200 ರೋಗಿಗಳಿದ್ದಾರೆ, ಪ್ರತಿಯೊಬ್ಬರಿಗೂ ದಿನಕ್ಕೊಂದು ಅಮ್ಲೋಡಿಪಿನ್ ಮಾತ್ರೆ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 6,000, ವರ್ಷಕ್ಕೆ 72,000 ಮಾತ್ರೆ ಬೇಕು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮೂರು ತಿಂಗಳು ಸರಬರಾಜೇ ಆಗಲಿಲ್ಲ. ವರ್ಷದ ಕೊನೆಗೆ ವಹಿಯಲ್ಲಿ ಕಾಣುವ ಖರ್ಚು 54,000. ಮುಂದಿನ ವರ್ಷದ ಬೇಡಿಕೆ ಪಟ್ಟಿ ಬರೆಯುವಾಗ ಅದಕ್ಕೆ ಶೇ 10ರಷ್ಟು ಸೇರಿಸುತ್ತಾರೆ, 59,400 ಆಯಿತು. ಉದಾರವಾಗಿಯೇ ಕೇಳಿದಂತೆ ಕಾಣುತ್ತದೆ. ನಿಜವಾದ ಅಗತ್ಯಕ್ಕೆ ಇನ್ನೂ 12,600 ಕಡಿಮೆ, ಎಂದರೆ ಎರಡು ತಿಂಗಳಿಗೂ ಮಿಕ್ಕಿದ ಮಾತ್ರೆ. ಟೆಂಡರ್ ಸರಿಯಾಗಿ ನಡೆದು, ಕಂಪನಿ ಹೊತ್ತಿಗೆ ಸರಿಯಾಗಿ ಕಳಿಸಿ, ಲಾರಿ ಎಲ್ಲೂ ಕೆಡದೆ ಬಂದರೂ ಆ ಊರಿನಲ್ಲಿ ಎರಡು ತಿಂಗಳು ಮಾತ್ರೆ ಇರುವುದಿಲ್ಲ. ಯಾರೂ ಕದ್ದಿಲ್ಲ, ಯಾರೂ ಮೈಗಳ್ಳತನ ಮಾಡಿಲ್ಲ. ಭಾಗಾಕಾರವಷ್ಟೇ ತಪ್ಪಿದೆ. 54,000ವನ್ನು 12 ತಿಂಗಳಿಂದ ಭಾಗಿಸಿದರೆ 4,500 ಬರುತ್ತದೆ. ಮಾತ್ರೆ ಇದ್ದ 9 ತಿಂಗಳಿಂದ ಭಾಗಿಸಿದರೆ 6,000 ಬರುತ್ತದೆ. ದಾಸ್ತಾನು ಶಾಸ್ತ್ರ ಬಲ್ಲವರು ದಶಕಗಳಿಂದ ಹೇಳುತ್ತಿರುವುದು ಈ ಎರಡನೆಯ ಲೆಕ್ಕವನ್ನು. ಆದರೆ ಎಷ್ಟು ದಿನ ಮಾತ್ರೆ ಇರಲಿಲ್ಲ ಎಂಬುದನ್ನು ಯಾರೋ ಬರೆದಿಟ್ಟಿದ್ದರೆ ಮಾತ್ರ ಆ ಲೆಕ್ಕ ಸಾಧ್ಯ.

ಔಷಧ ಹಳ್ಳಿಯವರೆಗೆ ಬರುವ ದಾರಿಯನ್ನೂ ಒಮ್ಮೆ ನೋಡಬೇಕು. ಕರ್ನಾಟಕದಲ್ಲಿ ಮೊದಲು ಸರ್ಕಾರಿ ವೈದ್ಯಕೀಯ ಉಗ್ರಾಣವಿತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ಔಷಧ ಖರೀದಿಗೂ ಸಂಗ್ರಹಕ್ಕೂ ಡ್ರಗ್ಸ್ ಲಾಜಿಸ್ಟಿಕ್ಸ್ ಅಂಡ್ ವೇರ್‌ಹೌಸಿಂಗ್ ಸೊಸೈಟಿ ಬಂತು, ಅದೇ ಮುಂದೆ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮವಾಯಿತು. ಆರೋಗ್ಯ ಕೇಂದ್ರಗಳ ಬೇಡಿಕೆ ತಾಲ್ಲೂಕು ಆರೋಗ್ಯಾಧಿಕಾರಿಯ ಮೇಜಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ನಿಗಮಕ್ಕೆ ಹೋಗುತ್ತದೆ. 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಕರೆಯಬೇಕು, ತಾಂತ್ರಿಕ ಬಿಡ್, ಹಣಕಾಸಿನ ಬಿಡ್, ದರ ನಿಗದಿ, ಖರೀದಿ ಆದೇಶ, ಗುಣಮಟ್ಟದ ಪರೀಕ್ಷೆ ಎಲ್ಲ ಮುಗಿಯಬೇಕು. ಆಮೇಲೆ ಮಾಲು ಜಿಲ್ಲಾ ಉಗ್ರಾಣಕ್ಕೆ ಇಳಿಯುತ್ತದೆ, ಅಲ್ಲಿಂದ ಇಂಡೆಂಟಿನ ಮೇಲೆ ಆಸ್ಪತ್ರೆಗಳಿಗೆ ಹೋಗುತ್ತದೆ. ಈ ಮೆಟ್ಟಿಲುಗಳಲ್ಲಿ ಒಂದರಲ್ಲಿ ಕಡತ ಕೂತರೂ ಕೆಳಗಿನವರಿಗೆ ತಿಳಿಯುವುದು ಕಪಾಟು ಬರಿದಾದಾಗಲೇ.

ಇಡೀ ದೇಶ ನೋಡಿ ಕಲಿತ ಮಾದರಿ ನೆರೆಯ ತಮಿಳುನಾಡಿನದು. ಅಲ್ಲಿನ ವೈದ್ಯಕೀಯ ಸೇವಾ ನಿಗಮ 1994ರಲ್ಲಿ ನೋಂದಣಿಯಾಗಿ 1995ರ ಜನವರಿಯಿಂದ ಕೆಲಸ ಆರಂಭಿಸಿತು. ಖರೀದಿ ರಾಜ್ಯಕ್ಕೆಲ್ಲ ಒಂದೇ ಕಡೆ, ಹಂಚಿಕೆ ಜಿಲ್ಲೆಗೊಂದು ಉಗ್ರಾಣದಿಂದ. ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್ ಕೊಟ್ಟರು. ಆ ವರ್ಷ ಅದಕ್ಕೆ ಎಷ್ಟು ಮೊತ್ತದ ಔಷಧ ಎಂಬುದು ಅದರಲ್ಲಿ ಬರೆದಿರುತ್ತದೆ. ಆ ಮಿತಿಯೊಳಗೆ ಯಾವ ಔಷಧ ಎಷ್ಟು ಬೇಕೆಂದು ತೀರ್ಮಾನಿಸುವುದು ಆಸ್ಪತ್ರೆಯೇ. ಬಂದ ಮಾಲಿನ ಮಾದರಿಗಳನ್ನು ಕಂಪನಿಯ ಹೆಸರು ಮರೆಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಕೇರಳ ಇದೇ ಹಾದಿ ಹಿಡಿಯಿತು. ರಾಜಸ್ಥಾನ 2011ರ ಅಕ್ಟೋಬರ್ 2ರಂದು ಉಚಿತ ಔಷಧ ಯೋಜನೆಯನ್ನು ಈ ಅಡಿಪಾಯದ ಮೇಲೆಯೇ ಕಟ್ಟಿತು. ಕರ್ನಾಟಕದಲ್ಲೂ ಉಗ್ರಾಣಗಳು ಬಂದವು, ‘ಔಷಧ’ ಎಂಬ ತಂತ್ರಾಂಶ ಬಂತು, ನಿಗಮವೂ ಬಂತು. ತಮಿಳುನಾಡಿನಿಂದ ಇನ್ನೂ ಪೂರ್ತಿ ತರಬೇಕಾದದ್ದು ಕೆಳಗಿನವರ ಮಾತಿಗೆ ಮೇಲಿನವರು ಕೊಡುವ ಬೆಲೆ. ಕೇಳಿದ್ದು ಒಂದು, ಬಂದದ್ದು ಇನ್ನೊಂದು ಎಂಬ ದೂರು ಈ ಭಾಗದ ಯಾವ ಫಾರ್ಮಸಿ ಅಧಿಕಾರಿಗೂ ಹೊಸದಲ್ಲ.

ಇದು ಸಣ್ಣ ದೂರಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರವೆಂಬ ಈ ಪುಟ್ಟ ಜಿಲ್ಲೆಯೊಳಗೇ ಈ ನಾಲ್ಕು ತಾಲ್ಲೂಕುಗಳ ಕಾಯಿಲೆಗಳು ನಾಲ್ಕು ಬಗೆ.

ಶಿಡ್ಲಘಟ್ಟವನ್ನೇ ನೋಡಿ. ರಾಜ್ಯದ ದೊಡ್ಡ ರೇಷ್ಮೆಗೂಡು ಮಾರುಕಟ್ಟೆಗಳಲ್ಲಿ ಒಂದು ಇರುವ ಊರು. ನೂಲು ಬಿಚ್ಚುವ ಮನೆಗಳಲ್ಲಿ ಬಿಸಿನೀರಿನ ಬೋಗುಣಿಯಲ್ಲಿ ದಿನವಿಡೀ ಕೈ ಅದ್ದಿ ಕೂರುವವರ ಬೆರಳುಗಳು ಬಿರಿಯುತ್ತವೆ, ಹುಣ್ಣಾಗುತ್ತವೆ. ಬೆಂದ ಗೂಡಿನ ಹಬೆಯನ್ನು ವರ್ಷಗಟ್ಟಲೆ ಉಸಿರಾಡಿದವರಲ್ಲಿ ಉಬ್ಬಸ ಸಾಮಾನ್ಯ. ಇಲ್ಲಿ ಚರ್ಮದ ಮುಲಾಮು, ಸಾಲ್ಬುಟಮಾಲ್ ಇನ್‌ಹೇಲರ್, ನೆಬ್ಯುಲೈಸರ್ ದ್ರಾವಣ ಬೇರೆ ಕಡೆಗಿಂತ ಹೆಚ್ಚು ಬೇಕಾಗುತ್ತದೆ. ಜನಸಂಖ್ಯೆಯನ್ನಷ್ಟೇ ನೋಡಿ ಹಂಚಿದರೆ ಶಿಡ್ಲಘಟ್ಟದ ಬಿಚ್ಚಾಣಿಕೆಯವರು ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಚಿಂತಾಮಣಿ ತಾಲ್ಲೂಕು ಟೊಮೆಟೊ, ಮಾವು, ತರಕಾರಿಯ ಸೀಮೆ. ಔಷಧಿ ಹೊಡೆಯುವುದೆಂದರೆ ಅಲ್ಲಿ ಕೀಟನಾಶಕ ಸಿಂಪಡಿಸುವುದು. ಸಿಂಪಡಿಸುವಾಗ ಮೈಗೆ ಮೂಗಿಗೆ ತಾಗಿದವರು, ಸಾಲದ ಸಂಕಟದಲ್ಲಿ ಕುಡಿದವರು, ಇಬ್ಬರೂ ಬಂದು ಇಳಿಯುವುದು ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲೇ. ಆರ್ಗನೋಫಾಸ್ಫೇಟ್ ವಿಷಕ್ಕೆ ಮುಖ್ಯ ಮದ್ದು ಅಟ್ರೋಪಿನ್. ಒಂದು ಆಂಪೂಲಿನಲ್ಲಿ 0.6 ಮಿಲಿಗ್ರಾಂ ಇರುತ್ತದೆ. ತೀವ್ರ ವಿಷ ಏರಿದ ಒಬ್ಬನಿಗೆ ಮೊದಲ ಕೆಲವು ಗಂಟೆಗಳಲ್ಲೇ ಹತ್ತಾರು ಆಂಪೂಲು ಹಿಡಿಯುತ್ತವೆ, ಕೆಲವರಿಗೆ ನೂರು ದಾಟುತ್ತದೆ. ವಹಿಯಲ್ಲಿ 50 ಎಂದು ಬರೆದಿದ್ದರೆ ಧಾರಾಳವಾಗಿದೆ ಎನಿಸುತ್ತದೆ. ಒಂದೇ ರಾತ್ರಿಯಲ್ಲಿ, ಒಬ್ಬನೇ ರೋಗಿಗೆ ಅದು ಮುಗಿದುಹೋಗಬಹುದು.

ಗೌರಿಬಿದನೂರಿನ ಸಮಸ್ಯೆ ಗಡಿಯದು. ಹಿಂದೂಪುರ ಪಕ್ಕದಲ್ಲೇ ಇದೆ, ಗುಂತಕಲ್ ಕಡೆಗೆ ಹೋಗುವ ರೈಲು ಎರಡೂ ಊರುಗಳನ್ನು ಹೊಲಿಯುತ್ತದೆ. ಗಡಿಯ ಜನ ಎರಡು ಭಾಷೆಯಲ್ಲಿ ವ್ಯವಹರಿಸುತ್ತಾರೆ, ಎಲ್ಲಿ ಆಸ್ಪತ್ರೆ ಚೆನ್ನಾಗಿದೆಯೋ ಅಲ್ಲಿಗೆ ಹೋಗುತ್ತಾರೆ. ಬಂದವರನ್ನು ರಾಜ್ಯ ಕೇಳಿ ವಾಪಸು ಕಳಿಸುವುದು ವೈದ್ಯಧರ್ಮವಲ್ಲ, ಕಳಿಸಲೂಬಾರದು. ಆದರೆ ತಾಲ್ಲೂಕಿನ ಜನಗಣತಿ ಆ ರೋಗಿಗಳನ್ನು ಎಣಿಸಿರುವುದಿಲ್ಲ. 2020ರ ಮಾರ್ಚ್‌ನಲ್ಲಿ ರಾಜ್ಯದ ಮೊದಲ ಕೋವಿಡ್ ತಾಣಗಳಲ್ಲಿ ಗೌರಿಬಿದನೂರೂ ಒಂದಾಗಿ ಊರು ಮುಚ್ಚಿದಾಗ, ಕೋವಿಡ್ ಆಗದವರ ದಿನನಿತ್ಯದ ಮಾತ್ರೆಗಳೂ ಎಷ್ಟು ದೊಡ್ಡ ಪ್ರಶ್ನೆ ಎಂಬುದು ಎದುರಿಗೆ ಬಂತು.

ಚಿಕ್ಕಬಳ್ಳಾಪುರದ ನೆತ್ತಿಯ ಮೇಲೆ ರಾಷ್ಟ್ರೀಯ ಹೆದ್ದಾರಿ 44 ಹಾದುಹೋಗುತ್ತದೆ. ಹೈದರಾಬಾದ್ ದಾರಿಯ ಲಾರಿಗಳು, ವಾರಾಂತ್ಯದಲ್ಲಿ ನಂದಿಬೆಟ್ಟಕ್ಕೆ ಮುಗಿಬೀಳುವ ಬೈಕುಗಳು, ಜೊತೆಗೆ ಎಲ್ಲ ತಾಲ್ಲೂಕುಗಳಿಂದ ಮೇಲಕ್ಕೆ ಕಳಿಸಿದ ರೋಗಿಗಳು. ರಕ್ತ, ಐವಿ ದ್ರಾವಣ, ಟೆಟನಸ್ ಚುಚ್ಚುಮದ್ದು, ಅರಿವಳಿಕೆ, ಹೊಲಿಗೆ ದಾರ ಇಲ್ಲಿ ಬೇಗ ಕರಗುತ್ತವೆ.

ಈ ಸೀಮೆಯ ಕೆರೆ ಏರಿಗಳ ಮೇಲೆ ಹಿಂದೆ ನೀರಗಂಟಿ ಇರುತ್ತಿದ್ದ. ತೂಬಿನ ಬಳಿಯ ಗದ್ದೆಗೂ ಅಚ್ಚುಕಟ್ಟಿನ ತುದಿಯ ಗದ್ದೆಗೂ ನೀರು ಮುಟ್ಟಿಸುವುದು ಅವನ ಹೊಣೆ. ಯಾವ ಗದ್ದೆಯಲ್ಲಿ ಯಾವ ಪೈರಿದೆ, ಎಷ್ಟು ದಿನಕ್ಕೆ ಒಣಗುತ್ತದೆ ಎಂಬುದು ಅವನಿಗೆ ಬಾಯಿಪಾಠ. ಇಂದಿನ ಫಾರ್ಮಸಿ ಅಧಿಕಾರಿಯಿಂದ ನಿರೀಕ್ಷಿಸಬೇಕಾದದ್ದು ಆ ತಿಳಿವಳಿಕೆಯನ್ನು, ಕೊಡಬೇಕಾದದ್ದು ಆ ಅಧಿಕಾರವನ್ನು. ಈಗ ಅನೇಕ ಕಡೆ ಹುದ್ದೆಯೇ ಖಾಲಿ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ವೈದ್ಯರ ಚೀಟಿಗೆ ಔಷಧ ಕೊಡಬಾರದೆನ್ನುತ್ತದೆ. ಹುದ್ದೆ ಖಾಲಿಯಿರುವ ಆರೋಗ್ಯ ಕೇಂದ್ರದಲ್ಲಿ ಆ ಕೆಲಸ ಶುಶ್ರೂಷಕಿಯ ತಲೆಗೆ ಬೀಳುತ್ತದೆ. ಒಬ್ಬರೇ ಇದ್ದು ಎರಡು ಕೇಂದ್ರ ನೋಡಿಕೊಳ್ಳುವ ಕಡೆ ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ಅಲ್ಲಿ. ಓಪಿ ಚೀಟಿ ಹಿಡಿದ ಸಾಲನ್ನು ಮುಗಿಸಿದ ಮೇಲೆ ಕಂಪ್ಯೂಟರಿಗೆ ಅಂಕಿ ತುಂಬಬೇಕು. ವಾರದ್ದನ್ನೆಲ್ಲ ಒಂದೇ ಸಂಜೆ ತುಂಬಿದರೆ ಪರದೆಯ ಮೇಲಿನ ದಾಸ್ತಾನು ಒಂದು, ಕಪಾಟಿನ ದಾಸ್ತಾನು ಇನ್ನೊಂದು. ತಂತ್ರಾಂಶಕ್ಕೆ ಕೋಟಿ ಸುರಿಯುವ ಮುನ್ನ ಅದರ ಮುಂದೆ ಕೂರುವ ಮನುಷ್ಯನನ್ನು ನೇಮಿಸುವುದು ಹೆಚ್ಚು ಉಪಯೋಗದ ಕೆಲಸ.

ಇನ್ನು ಹಾವಿನ ವಿಷಯ. ಹಿಪ್ಪುನೇರಳೆ ಸೊಪ್ಪನ್ನು ಕೊಯ್ಯುವುದು ಬೆಳಗಿನ ತಂಪಿನಲ್ಲಿ ಅಥವಾ ಇಳಿಹೊತ್ತಿನಲ್ಲಿ. ಬೆಳಕು ಮಂಕು, ಗಿಡ ದಟ್ಟ, ಕಾಲು ಬರಿಗಾಲು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಅದು ದೊಡ್ಡ ಹೆಜ್ಜೆ, ಎಣಿಸದೆ ಯಾವುದನ್ನೂ ಹಂಚಲಾಗದು. ಮುಂದಿನ ತಿಂಗಳೇ ಕೇಂದ್ರ ಸರ್ಕಾರದ ಕ್ರಿಯಾಯೋಜನೆಯೂ ಬಂತು, 2030ರೊಳಗೆ ಹಾವು ಕಡಿತದ ಸಾವನ್ನು ಅರ್ಧಕ್ಕಿಳಿಸುವ ಗುರಿಯೊಂದಿಗೆ.

ಭಾರತದಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಒಟ್ಟಿಗೆ ಕೆಲಸ ಮಾಡುತ್ತದೆ. ಅದಕ್ಕೆ ಬೇಕಾದ ವಿಷದ ಬಹುಪಾಲನ್ನು ದಶಕಗಳಿಂದ ಒದಗಿಸುತ್ತ ಬಂದವರು ತಮಿಳುನಾಡಿನ ಇರುಳರು, 1978ರಲ್ಲಿ ಕಟ್ಟಿಕೊಂಡ ತಮ್ಮ ಸಹಕಾರ ಸಂಘದ ಮೂಲಕ. ವಿಷ ಏರಿದ ಲಕ್ಷಣ ಕಂಡವನಿಗೆ ಮೊದಲ ಸುತ್ತಿಗೇ 8ರಿಂದ 10 ವಯಲ್ ಕೊಡಬೇಕು. ಈ ಸಂಖ್ಯೆಯಲ್ಲೇ ಹಂಚಿಕೆಯ ಒಂದು ದೊಡ್ಡ ಪಾಠವಿದೆ. ತಾಲ್ಲೂಕಿಗೆ 20 ವಯಲ್ ಬಂತೆಂದುಕೊಳ್ಳಿ. ಯಾರಿಗೂ ಅನ್ಯಾಯವಾಗಬಾರದೆಂದು ಹತ್ತು ಆರೋಗ್ಯ ಕೇಂದ್ರಗಳಿಗೆ ಎರಡೆರಡು ಕೊಟ್ಟರೆ ಕಾಗದದ ಮೇಲೆ ಎಲ್ಲ ಕಡೆ ವಿಷನಿರೋಧಕ ಲಭ್ಯವಿದೆ, ನಿಜದಲ್ಲಿ ಎಲ್ಲೂ ಒಬ್ಬನಿಗೆ ಸಾಲುವಷ್ಟು ಇಲ್ಲ. ಎರಡು ಕಡೆ ಹತ್ತು ಹತ್ತು ಇಟ್ಟು, ಯಾವೆರಡು ಕಡೆ ಎಂಬುದು ಪ್ರತಿ ಆಂಬುಲೆನ್ಸ್ ಚಾಲಕನಿಗೂ ಪ್ರತಿ ಆಶಾ ಕಾರ್ಯಕರ್ತೆಗೂ ಗೊತ್ತಿದ್ದರೆ ಇಬ್ಬರು ಬದುಕುತ್ತಾರೆ. ಎಲ್ಲ ಕಡೆಯೂ ಹತ್ತು ಹತ್ತು ಇರಬೇಕು ಎಂಬ ಬೇಡಿಕೆ ಸರಿಯಾದದ್ದೇ. ಅದು ಈಡೇರುವವರೆಗಿನ ದಾರಿ ಇದು.

ಒಬ್ಬ ರೋಗಿಯ ಪೂರ್ತಿ ಚಿಕಿತ್ಸೆಯನ್ನೇ ದಾಸ್ತಾನಿನ ಅಳತೆಯಾಗಿ ಇಟ್ಟುಕೊಳ್ಳುವ ಈ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. ಕ್ಷಯರೋಗದ ಪರಿಷ್ಕೃತ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ನಡೆದದ್ದೇ ಇದು. ಹೊಸ ರೋಗಿಗೆ ಕೆಂಪು ಪೆಟ್ಟಿಗೆ, ಹಿಂದೆ ಚಿಕಿತ್ಸೆ ಪಡೆದು ಮತ್ತೆ ಬಂದವರಿಗೆ ನೀಲಿ ಪೆಟ್ಟಿಗೆ. ಚಿಕಿತ್ಸೆ ಆರಂಭವಾದ ದಿನವೇ ಪೆಟ್ಟಿಗೆಯ ಮೇಲೆ ರೋಗಿಯ ಹೆಸರು ಬೀಳುತ್ತಿತ್ತು, ಅವನ ಕೊನೆಯ ಮಾತ್ರೆಯವರೆಗಿನದೂ ಅದರೊಳಗೇ ಇರುತ್ತಿತ್ತು. ಅದನ್ನು ಇನ್ನೊಬ್ಬರಿಗೆ ತೆಗೆದುಕೊಡುವಂತಿರಲಿಲ್ಲ. ಅರ್ಧಕ್ಕೆ ಮಾತ್ರೆ ನಿಂತರೆ ರೋಗಾಣು ಔಷಧಕ್ಕೆ ಬಗ್ಗದಂತಾಗುತ್ತದೆ ಎಂಬ ವೈದ್ಯಕೀಯ ಸತ್ಯವನ್ನು ಒಂದು ರಟ್ಟಿನ ಪೆಟ್ಟಿಗೆ ಕಾಪಾಡುತ್ತಿತ್ತು. ನಂತರ ಪ್ರತಿದಿನದ ಸಂಯುಕ್ತ ಮಾತ್ರೆಯ ಪದ್ಧತಿ ಬಂತು. ಅದು ವೈದ್ಯಕೀಯವಾಗಿ ಮೇಲು. ಆದರೆ 2024ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಸರಬರಾಜು ತಡವಾಗುತ್ತಿದೆ, ಮೂರು ತಿಂಗಳಿಗೆ ಬೇಕಾದಷ್ಟನ್ನು ಸ್ಥಳೀಯವಾಗಿ ಕೊಂಡುಕೊಳ್ಳಿ ಎಂದು ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ಆರು ತಿಂಗಳ ಚಿಕಿತ್ಸೆಯ ನಡುವೆ ಇದ್ದವರಿಗೆ ಆ ವಾರಗಳು ಹೇಗೆ ಕಳೆದಿರಬೇಕು! ಹೆಸರು ಬರೆದ ಪೆಟ್ಟಿಗೆಯ ಕಾಲದಲ್ಲಿ ಕೊರತೆಯಾದರೆ ಹೊಸ ರೋಗಿಗೆ ತಡವಾಗುತ್ತಿತ್ತು, ಹಳಬರ ಚಿಕಿತ್ಸೆ ಮುರಿಯುತ್ತಿರಲಿಲ್ಲ. ಪೆಟ್ಟಿಗೆ ಹೋದರೂ ಆ ಶಿಸ್ತನ್ನು ಉಳಿಸಿಕೊಳ್ಳಬಹುದಿತ್ತು.

ನಾಯಿ ಕಡಿತದ ಲಸಿಕೆಯ ಲೆಕ್ಕ ಇನ್ನೊಂದು ತರಹ. ಚರ್ಮದೊಳಕ್ಕೆ ಕೊಡುವ ಕ್ರಮದಲ್ಲಿ ಒಂದು ಭೇಟಿಗೆ 0.2 ಮಿಲಿಲೀಟರ್ ಸಾಕು. 0, 3, 7, 28ನೇ ದಿನ ಬರಬೇಕು. ಒಂದು ಮಿಲಿಲೀಟರಿನ ವಯಲ್ ತೆರೆದರೆ ಐವರಿಗೆ ಆಗುತ್ತದೆ, ಆದರೆ ತೆರೆದದ್ದನ್ನು ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ದಿನಕ್ಕೊಬ್ಬರು ಬರುವ ಸಣ್ಣ ಕೇಂದ್ರದಲ್ಲಿ ಐದರಲ್ಲಿ ನಾಲ್ಕು ಪಾಲು ಚೆಲ್ಲಿಹೋಗುತ್ತದೆ. ಚೆಲ್ಲಬಾರದೆಂದು ‘ಇನ್ನೂ ನಾಲ್ಕು ಜನ ಬರಲಿ’ ಎಂದು ಕಾಯಿಸಿದರೆ ರೇಬೀಸ್ ಕಾಯುವುದಿಲ್ಲ. ಇಲ್ಲಿ ಚೆಲ್ಲುವುದೇ ಸರಿ. ಮೊದಲ ಡೋಸು ಯಾವ ಹೊತ್ತಿಗೂ ಯಾವ ಕೇಂದ್ರದಲ್ಲೂ ಸಿಗಬೇಕು. ಮುಂದಿನವುಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಒಟ್ಟುಗೂಡಿಸಿ ಕೊಡಬಹುದು. ಬಸ್ಸಿಗೆ ಹೋಗಿಬರುವ ಖರ್ಚು, ಆ ದಿನದ ಕೂಲಿ ಎರಡನ್ನೂ ಕಳೆದುಕೊಂಡು ಬಂದವರಿಗೆ ‘ಇವತ್ತು ಲಸಿಕೆ ಬಂದಿಲ್ಲ’ ಎಂದರೆ ಅವರು ನಾಲ್ಕನೆಯ ಡೋಸಿಗೆ ಬರುತ್ತಾರೆಂಬ ಭರವಸೆ ಇಟ್ಟುಕೊಳ್ಳಲಾಗದು.

ಚೆಲ್ಲುವ ಮಾತು ಬಂದದ್ದರಿಂದ ಅವಧಿ ಮೀರಿದ ಔಷಧದ ಭಯವನ್ನೂ ಇಲ್ಲಿ ಹೇಳಲೇಬೇಕು. ಔಷಧ ಕೊಠಡಿಯ ಮೂಲೆಯಲ್ಲಿ ಅವಧಿ ಮುಗಿದ ಪೆಟ್ಟಿಗೆಗಳು ಸಿಕ್ಕರೆ ಆಡಿಟ್ ಆಕ್ಷೇಪಣೆ ಬರುತ್ತದೆ, ವಿವರಣೆ ಕೇಳುತ್ತಾರೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಮೂರು ತಿಂಗಳು ಔಷಧವೇ ಇರಲಿಲ್ಲ ಎಂಬುದಕ್ಕೆ ಯಾರನ್ನೂ ಯಾರೂ ಕೇಳುವುದಿಲ್ಲ. ಹೀಗಿರುವಾಗ ಜಾಣ ನೌಕರ ಏನು ಮಾಡುತ್ತಾನೆ? ಕಡಿಮೆ ಕೇಳುತ್ತಾನೆ. ಹೆಚ್ಚು ಇಟ್ಟುಕೊಂಡರೆ ಶಿಕ್ಷೆ, ಕಡಿಮೆ ಇಟ್ಟುಕೊಂಡರೆ ಮೌನ ಎಂಬ ಈ ಏರ್ಪಾಡೇ ಕೊರತೆಯನ್ನು ತಂದುಕೊಡುತ್ತಿದೆ. ಮೊದಲು ಅವಧಿ ಮುಗಿಯುವುದನ್ನು ಮೊದಲು ಕೊಡಬೇಕೆಂಬ ನಿಯಮ ಎಲ್ಲರಿಗೂ ಗೊತ್ತಿದೆ. ಪ್ಯಾರಸಿಟಮಾಲ್, ಓಆರ್‌ಎಸ್, ಐರನ್ ಮಾತ್ರೆ ಅವಧಿ ಮೀರಿ ಬಿದ್ದಿದ್ದರೆ ಖಂಡಿತ ಪ್ರಶ್ನಿಸಬೇಕು. ಆದರೆ ವಿಷನಿರೋಧಕ, ಅಟ್ರೋಪಿನ್, ಮೆಗ್ನೀಸಿಯಂ ಸಲ್ಫೇಟ್, ಅಡ್ರಿನಲಿನ್ ಮುಂತಾದವು ಬಳಕೆಯಾಗದೆ ಅವಧಿ ಮುಗಿದರೆ ಆ ವರ್ಷ ಆ ಊರಿನಲ್ಲಿ ಯಾರಿಗೂ ಆ ಆಪತ್ತು ಬರಲಿಲ್ಲ ಎಂದರ್ಥ. ಅದನ್ನು ನಷ್ಟದ ಖಾತೆಗೆ ಹಾಕುವುದು ಸರಿಯಲ್ಲ. ಜೀವ ಉಳಿಸುವ ಔಷಧಗಳಿಗೆ ಬೇರೆಯದೇ ಪಟ್ಟಿ ಮಾಡಿ, ಅವು ಅವಧಿ ಮೀರಿದರೆ ಕಾರಣ ಕೇಳುವುದಿಲ್ಲ, ಖಾಲಿಯಾದರೆ ಮಾತ್ರ ಕೇಳುತ್ತೇವೆ ಎಂದು ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಎಷ್ಟೋ ಕೈಗಳ ನಡುಕ ನಿಲ್ಲುತ್ತದೆ.

ಅವಧಿ ಹತ್ತಿರವಾದ ಔಷಧಕ್ಕೆ ಮದ್ದು ಇನ್ನೊಂದಿದೆ. ಚಿಂತಾಮಣಿಗೂ ಶಿಡ್ಲಘಟ್ಟಕ್ಕೂ ನಡುವೆ ರೈಲು, ಬಸ್ಸು ಎರಡೂ ಇವೆ. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ ಅರ್ಧ ಗಂಟೆಯ ದಾರಿ. ಒಂದು ಕಡೆ ಹೆಚ್ಚಾಗಿರುವುದು ಇನ್ನೊಂದು ಕಡೆ ಅದೇ ದಿನ ತಲುಪಬಹುದು. ತಡೆಯುವುದು ದೂರವಲ್ಲ, ಅನುಮತಿಯ ಪತ್ರ. ಲಸಿಕೆಗಳ ವಿಷಯದಲ್ಲಿ ಇದನ್ನು ಈಗಾಗಲೇ ಬಗೆಹರಿಸಿಕೊಂಡಿದ್ದೇವೆ. 2015ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾದ ಇವಿನ್ ಜಾಲದಲ್ಲಿ ಯಾವ ಶೀತಲ ಕೇಂದ್ರದಲ್ಲಿ ಯಾವ ಲಸಿಕೆ ಎಷ್ಟಿದೆ, ಲಸಿಕೆ ಇಡುವ ಐಎಲ್‌ಆರ್ ಶೀತಲ ಪೆಟ್ಟಿಗೆಯ ಉಷ್ಣತೆ 2ರಿಂದ 8 ಡಿಗ್ರಿಯೊಳಗಿದೆಯೇ ಎಂಬುದು ಮೊಬೈಲಿನಲ್ಲೇ ಕಾಣುತ್ತದೆ. ಮಕ್ಕಳ ಲಸಿಕೆಗೆ ಸಾಧ್ಯವಾದದ್ದು ಹೆರಿಗೆ ಕೋಣೆಯ ಆಕ್ಸಿಟೋಸಿನ್‌ಗೆ, ಸಕ್ಕರೆ ಕಾಯಿಲೆಯವರ ಇನ್ಸುಲಿನ್‌ಗೆ ಏಕೆ ಆಗಬಾರದು? ಅವಕ್ಕೂ ಬೇಕಾದದ್ದು ಅದೇ ತಂಪು.

ಬ್ಯಾಚ್ ನಂಬರ್ ಬರೆಯುವುದು ಏಕೆಂದು ಕೇಳುವವರಿಗೆ ಬಳ್ಳಾರಿ ಉತ್ತರ ಹೇಳುತ್ತದೆ. 2024ರ ನವೆಂಬರ್‌ನಲ್ಲಿ ಅಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಹೋಯಿತು. ಪಶ್ಚಿಮ ಬಂಗಾಳದ ಆ ಕಂಪನಿಯ ದ್ರಾವಣವನ್ನು ರಾಜ್ಯದೆಲ್ಲೆಡೆ ತಡೆಹಿಡಿದರು, ರಾಜ್ಯದ ಔಷಧ ನಿಯಂತ್ರಕರ ಅಮಾನತಾಯಿತು. ಅಂಥ ಹೊತ್ತಿನಲ್ಲಿ ಪ್ರತಿ ಆಸ್ಪತ್ರೆಯೂ ಅದೇ ಗಂಟೆಯಲ್ಲಿ ಉತ್ತರಿಸಬೇಕಾದ ಪ್ರಶ್ನೆಗಳು ಎರಡು: ಆ ಬ್ಯಾಚ್ ನಮ್ಮಲ್ಲಿದೆಯೇ, ಇದ್ದರೆ ಯಾರಿಗೆ ಕೊಟ್ಟಿದ್ದೇವೆ? ವಾರಕ್ಕೊಮ್ಮೆ ವಹಿ ತುಂಬುವ ಕಡೆ ಈ ಉತ್ತರ ಸಿಗುವುದಿಲ್ಲ. ಕಡಿಮೆ ದರದವನಿಗೆ ಟೆಂಡರ್ ಕೊಡುವ ವ್ಯವಸ್ಥೆಯಲ್ಲಿ ಗುಣಮಟ್ಟದ ಕಾವಲು ಸಡಿಲಾದರೆ ದಾಸ್ತಾನು ತುಂಬಿದ್ದೂ ಅಪಾಯವೇ.

ಸದ್ದಿಲ್ಲದೆ ಹೆಚ್ಚು ಜನರನ್ನು ತಿನ್ನುತ್ತಿರುವುದು ಬಿಪಿ ಮತ್ತು ಶುಗರ್. ಸರ್ಕಾರ 2024ರಲ್ಲಿ ಪಕ್ಕದ ಕೋಲಾರ ಜಿಲ್ಲೆಯಲ್ಲಿ ಗೃಹ ಆರೋಗ್ಯ ಯೋಜನೆಯನ್ನು ಆರಂಭಿಸಿತು. ಮನೆಬಾಗಿಲಲ್ಲೇ ತಪಾಸಣೆ, ರೋಗ ಕಂಡವರಿಗೆ ಔಷಧ. ಒಳ್ಳೆಯ ಯೋಜನೆ, ಅದರಿಂದಲೇ ದಾಸ್ತಾನಿನ ಮೇಲೆ ದೊಡ್ಡ ಭಾರ. ತಪಾಸಣೆ ಹೆಚ್ಚಾದಂತೆ ನೋಂದಾಯಿತರು ಹೆಚ್ಚುತ್ತಾರೆ, ಹಿಂದಿನ ವರ್ಷದ ಖರ್ಚು ನೋಡಿ ಬರೆದ ಬೇಡಿಕೆ ಒಂದೇ ತಿಂಗಳಲ್ಲಿ ಹಳಸುತ್ತದೆ. ಕಾಯಿಲೆ ಇದೆ ಎಂದು ಹೇಳಿ, ಮಾತ್ರೆ ಇಲ್ಲ ಎಂದು ಕಳಿಸಿದರೆ ಮನುಷ್ಯ ಎರಡನೆಯ ಸಲ ಬರುವುದಿಲ್ಲ. 2017ರಲ್ಲಿ ಬೇರೆ ಐದು ರಾಜ್ಯಗಳ 25 ಜಿಲ್ಲೆಗಳಲ್ಲಿ ಆರಂಭವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಇದನ್ನು ಸರಳವಾಗಿ ಬಿಡಿಸಿತು: ಇಡೀ ರಾಜ್ಯಕ್ಕೆ ಒಂದೇ ಚಿಕಿತ್ಸಾ ಕ್ರಮ, ಎರಡು ಮೂರೇ ಬಗೆಯ ಮಾತ್ರೆ, ಒಂದು ಸಲಕ್ಕೆ 30 ದಿನದ್ದು, ಬೇಡಿಕೆಯ ಲೆಕ್ಕ ನೋಂದಾಯಿತ ರೋಗಿಗಳ ಸಂಖ್ಯೆಯಿಂದ. ಹತ್ತು ಬ್ರ್ಯಾಂಡು ಹತ್ತು ಬಗೆ ಇದ್ದರೆ ಹತ್ತೂ ಅರ್ಧಂಬರ್ಧ ಇರುತ್ತವೆ.

ಕೆಲವನ್ನು ಮುಂಚಿತವಾಗಿ ಊಹಿಸಲಾಗದು. 2023ರ ಆಗಸ್ಟ್‌ನಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಸಂಗ್ರಹಿಸಿದ ಸೊಳ್ಳೆಗಳಲ್ಲಿ ಝಿಕಾ ವೈರಾಣು ಇರುವುದು ಗೊತ್ತಾಯಿತು. ಸುತ್ತಲ ಹಳ್ಳಿಗಳ ಗರ್ಭಿಣಿಯರ, ಜ್ವರ ಬಂದವರ ರಕ್ತದ ಮಾದರಿ ಕಳಿಸಬೇಕಾಯಿತು. ಝಿಕಾಗೆ ಪ್ರತ್ಯೇಕ ಔಷಧವಿಲ್ಲ. ಆದರೆ ಆತಂಕಗೊಂಡ ಊರು ಆಸ್ಪತ್ರೆಗೆ ಬಂದಾಗ ಪ್ಯಾರಸಿಟಮಾಲ್, ರಕ್ತ ತೆಗೆಯುವ ಟ್ಯೂಬ್, ಪರೀಕ್ಷಾ ಕಿಟ್ ಎಲ್ಲ ಬೇಕು. ತಿಂಗಳ ಸರಾಸರಿಯ ಮೇಲೆ ಒಂದಿಷ್ಟು ಕಾಪು ದಾಸ್ತಾನು ಇಡುವುದು ಇಂಥ ದಿನಗಳಿಗಾಗಿಯೇ.

ಇಷ್ಟೆಲ್ಲ ಏಕೆ, ಹೊರಗೆ ಕೊಂಡರಾಯಿತಲ್ಲ ಎನ್ನುವವರಿದ್ದಾರೆ. ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆಯಲ್ಲಿ ಬಡವರ ಕೈಯಿಂದ ಹೋಗುವ ಹಣದ ಬಹುಪಾಲು ಔಷಧಕ್ಕೇ ಹೋಗುತ್ತದೆ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಆವರಣದ ಜನೌಷಧಿ ಮಳಿಗೆಗಳನ್ನು ಮುಚ್ಚಲು ಆದೇಶಿಸಿತು. ಆಸ್ಪತ್ರೆಯಲ್ಲೇ ಎಲ್ಲವೂ ಉಚಿತವಾಗಿರುವಾಗ ಮಳಿಗೆ ಏಕೆ ಎಂಬುದು ಅದರ ವಾದ. ವಿಷಯ ಹೈಕೋರ್ಟಿಗೆ ಹೋಯಿತು. ವಾದದಲ್ಲಿ ಹುರುಳಿದೆ, ಒಂದು ಷರತ್ತಿನ ಮೇಲೆ: ಒಳಗಿನ ಕಪಾಟು ತುಂಬಿರಬೇಕು. ಅದು ತುಂಬಿರಲಿಲ್ಲವೆಂದು ತೋರಿಸುವ ಅಂಕಿಯೂ ಯಾರ ಬಳಿಯೂ ಇಲ್ಲ, ತುಂಬಿತ್ತೆಂದು ತೋರಿಸುವ ಅಂಕಿಯೂ ಇಲ್ಲ. ಏಕೆಂದರೆ ‘ಇಲ್ಲ’ ಎಂದದ್ದನ್ನು ಯಾರೂ ಬರೆದಿಟ್ಟಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರಬೇಕಾದ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ 172 ಹೆಸರಿವೆ. ಅಷ್ಟನ್ನೂ ಪ್ರತಿದಿನ ಕಾವಲು ಕಾಯುವುದು ಕಷ್ಟ. ಹದಿನೈದನ್ನು ಆರಿಸಿಕೊಳ್ಳಬಹುದು: ಬಿಪಿ, ಶುಗರ್‌ನ ಎರಡೆರಡು ಮಾತ್ರೆ, ಇನ್ಸುಲಿನ್, ಉಬ್ಬಸದ ಇನ್‌ಹೇಲರ್, ಅಮಾಕ್ಸಿಸಿಲಿನ್, ಪ್ಯಾರಸಿಟಮಾಲ್, ಓಆರ್‌ಎಸ್, ಐರನ್, ಆಕ್ಸಿಟೋಸಿನ್, ಮೆಗ್ನೀಸಿಯಂ ಸಲ್ಫೇಟ್, ವಿಷನಿರೋಧಕ, ರೇಬೀಸ್ ಲಸಿಕೆ, ಅಟ್ರೋಪಿನ್. ಪ್ರತಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಇದೆ, ಅದರ ಕೈಯಲ್ಲಿ ತುರ್ತು ಖರೀದಿಗೆ ಸ್ವಲ್ಪ ಹಣವೂ ಇದೆ. ಸಮಿತಿಯ ಸಭೆಯಲ್ಲಿ ಸುಣ್ಣಬಣ್ಣ, ನೀರಿನ ಮೋಟಾರು, ಕಾಂಪೌಂಡ್ ಗೋಡೆಯ ಮಾತು ನಡೆಯುತ್ತದೆ. ಈ ಉಪನ್ಯಾಸ ಕೇಳಲು ಬಂದವರಲ್ಲಿ ಅಂಥ ಸಮಿತಿಗಳ ಸದಸ್ಯರು, ಗ್ರಾಮ ಪಂಚಾಯಿತಿಯವರು ಇದ್ದಾರೆ. ಮುಂದಿನ ಸಭೆಯಲ್ಲಿ ಗೋಡೆಯ ವಿಷಯಕ್ಕೆ ಮುಂಚೆ ಅವರು ಕೇಳಬಹುದಾದದ್ದು ಮೂರು. ಈ ಹದಿನೈದರಲ್ಲಿ ಕಳೆದ ತಿಂಗಳು ಯಾವುದು ಎಷ್ಟು ದಿನ ಇರಲಿಲ್ಲ? ಆ ದಿನಗಳಲ್ಲಿ ಎಷ್ಟು ಜನರನ್ನು ಬರಿಗೈಯಲ್ಲಿ ಕಳಿಸಲಾಯಿತು? ಜಿಲ್ಲೆಗೆ ಕಳಿಸಿದ ಇಂಡೆಂಟಿನಲ್ಲಿ ಆ ಸಂಖ್ಯೆ ಇದೆಯೇ? ಮೊದಲ ಸಭೆಯಲ್ಲಿ ಉತ್ತರ ಸಿಗುವುದಿಲ್ಲ, ಬರೆದಿಟ್ಟಿರುವುದಿಲ್ಲ. ಎರಡನೆಯ ಸಭೆಯ ಹೊತ್ತಿಗೆ ವಹಿಯಲ್ಲಿ ಆ ಕಾಲಂ ಎಳೆದಿರುತ್ತಾರೆ.